ನೆಟ್ ಇಲ್ಲದಾಗ ಇದು ನಡೆಯುತ್ತಾ ಅಂತ ಮೊದಲು ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಸ್ಮಾರ್ಟ್ ಮನೆಯ ಲೇಖನ ಓದಿದೆ. ಚೆನ್ನಾಗಿತ್ತು, ಫೋಟೋಗಳು ಇನ್ನೂ ಚೆನ್ನಾಗಿದ್ದವು. ಫೋನಿನಿಂದ ದೀಪ ಹಚ್ಚುವುದು, ಆಫೀಸಿನಿಂದಲೇ ಗೀಸರ್ ಹಾಕುವುದು, ಊರಲ್ಲಿರುವ ಅಪ್ಪ ಅಮ್ಮನ ಮನೆಬಾಗಿಲನ್ನು ಬೆಂಗಳೂರಿನಲ್ಲಿ ಕೂತು ನೋಡುವುದು, ಎಲ್ಲ ಬರೆದಿದ್ದೀರಿ. ಯಾವುದು ಎಷ್ಟು ರೂಪಾಯಿ, ಎಷ್ಟು ಬಣ್ಣದಲ್ಲಿ ಸಿಗುತ್ತದೆ ಅನ್ನುವುದೂ ಇತ್ತು. ಆದರೆ ದುಡ್ಡು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರ ಎಲ್ಲೂ ಕಾಣಲಿಲ್ಲ. ನೆಟ್ ಇಲ್ಲದಾಗ ಈ ವಸ್ತು ನಡೆಯುತ್ತಾ? ಅದನ್ನು ಮಾರಿದ ಕಂಪನಿ ನಾಳೆ ಬಾಗಿಲು ಹಾಕಿಕೊಂಡರೆ ಆಗಲೂ ನಡೆಯುತ್ತಾ?

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಬ್ಲಾಗು ಬರೆಯುವುದು ನನ್ನ ಹವ್ಯಾಸ. ಅದರಿಂದ ದುಡ್ಡು ಬರುವುದಿಲ್ಲ, ವರ್ಷಕ್ಕೊಮ್ಮೆ ಕಟ್ಟುವ ಡೊಮೇನ್ (ಬ್ಲಾಗಿನ ಸ್ವಂತ ವಿಳಾಸ) ಹಣ ಬಿಟ್ಟರೆ ಹೋಗುವುದೂ ಇಲ್ಲ. ಬರೆಯುವುದೆಲ್ಲ ಮನೆಯೊಳಗಿನ ಸಂಗತಿ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಯಾವಾಗ ಹಾಕಬೇಕು, ಹಳೇ ಟಿವಿಯಲ್ಲಿ ಯೂಟ್ಯೂಬ್ ನಿಂತುಹೋದರೆ ಏನು ದಾರಿ, ಒಳಗಿನ ಕೋಣೆಗೆ ವೈಫೈ ಯಾಕೆ ಬರುವುದಿಲ್ಲ, ಇಂಥದ್ದು. ಓದಿದ್ದು ಬಿ.ಕಾಂ. ಆದರೂ ಜನ ಕೇಳುತ್ತಲೇ ಇರುತ್ತಾರೆ. ಮದುವೆಮನೆಯಲ್ಲಿ ಪಂಕ್ತಿಗೆ ಕೂತರೆ ಪಾಯಸ ಬರುವುದರೊಳಗೆ ಪಕ್ಕದವರು ರೂಟರಿನ ಕಷ್ಟ ಶುರು ಮಾಡಿರುತ್ತಾರೆ. ಹಾಗಾಗಿ ಜನರ ಮನೆಗೆ ಏನು ಬರುತ್ತಿದೆ, ಬಂದ ಮೇಲೆ ಅದರ ಗತಿ ಏನಾಗುತ್ತಿದೆ ಅನ್ನುವುದು ನನಗೆ ಸ್ವಲ್ಪ ಗೊತ್ತು.

ನಿಮ್ಮ ಲೇಖನದ ಮನೆಯಲ್ಲಿ ಕರೆಂಟೂ ಇತ್ತು, ನೆಟ್ಟೂ ಇತ್ತು. ನಮ್ಮ ಕಡೆ ಜೂನ್ ಬಂತೆಂದರೆ ಎರಡೂ ಗ್ಯಾರಂಟಿ ಇಲ್ಲ. ಗಾಳಿ ಜೋರಾದರೆ ಎಲ್ಲೋ ಒಂದು ಕಡೆ ಮರ ಲೈನಿನ ಮೇಲೆ ಬೀಳುತ್ತದೆ. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ನೋಡಿದವರು ಯಾರನ್ನೂ ಬೈಯುವುದಿಲ್ಲ, ಕಾಯುತ್ತಾರೆ ಅಷ್ಟೆ. ಇನ್ವರ್ಟರ್ ಇದೆಯಲ್ಲ ಅನ್ನಬಹುದು. ಇದೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್ ಅವರ್ ಇರುತ್ತದೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಮನೆಗೆ ನೆಟ್ ಕೊಡುವ ಫೈಬರ್ ಡಬ್ಬಿಗೆ ಬೇಕಾದದ್ದು ಹತ್ತು ಹದಿನೈದು ವ್ಯಾಟ್ ಮಾತ್ರ. ಫ್ಯಾನು ಟಿವಿ ಹಾಕದೆ ಇದ್ದರೆ ಅದು ಒಂದು ದಿನ ಆರಾಮಾಗಿ ಓಡುತ್ತದೆ. ಓಡಿ ಏನು ಪ್ರಯೋಜನ? ಆ ಕಡೆ ಎಕ್ಸ್‌ಚೇಂಜಿನ ಬ್ಯಾಟರಿ ಮುಗಿದಿರುತ್ತದೆ, ಇಲ್ಲದಿದ್ದರೆ ಕರೆಂಟಿನ ತಂತಿ ಹರಿದ ಮರವೇ ಫೈಬರನ್ನೂ ಎಳೆದುಕೊಂಡು ಬಿದ್ದಿರುತ್ತದೆ. ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ತಾಸಿನದು. ಆಮೇಲೆ ಮನೆಯಲ್ಲಿ ವೈಫೈ ಚಿಹ್ನೆ ತುಂಬಾ ಇರುತ್ತದೆ, ನೆಟ್ ಮಾತ್ರ ಇರುವುದಿಲ್ಲ.

ಸ್ಮಾರ್ಟ್ ವಸ್ತುಗಳ ನಿಜವಾದ ಬಣ್ಣ ತಿಳಿಯುವುದು ಆಗ. ಬಲ್ಬು ಫೋನಿನ ಮಾತು ಕೇಳುವುದಿಲ್ಲ. ಗೋಡೆಯ ಸ್ವಿಚ್ಚು ಹಾಕಿದರೆ ಹತ್ತುತ್ತದೆ ನಿಜ, ಆದರೆ ಅದಕ್ಕೆ ಸಾಮಾನ್ಯ ಎಲ್‌ಇಡಿ ಬಲ್ಬೇ ಸಾಕಿತ್ತಲ್ಲ. ಇನ್ನೊಂದು ತಮಾಷೆ ಇದೆ. ಇಂಥ ಬಲ್ಬುಗಳ ಗೋಡೆ ಸ್ವಿಚ್ಚನ್ನು ಸದಾ ಹಾಕಿಯೇ ಇಟ್ಟಿರಬೇಕು. ಹೋದ ಕರೆಂಟು ರಾತ್ರಿ ಎರಡು ಗಂಟೆಗೆ ಬಂದರೆ ಬಹಳಷ್ಟು ಬಲ್ಬುಗಳು ತಾವಾಗಿ ಹತ್ತಿಕೊಳ್ಳುತ್ತವೆ, ಅದೂ ಪೂರ್ತಿ ಬೆಳಕಿನಲ್ಲಿ. ಮಲಗಿದವರೆಲ್ಲ ಎದ್ದು ಕೂರುತ್ತಾರೆ. ಕರೆಂಟು ಬಂದಾಗ ಹತ್ತಬಾರದು ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಆದರೆ ಅದು ಇರುವುದು ಆ್ಯಪಿನಲ್ಲಿ, ಆ್ಯಪಿಗೆ ಬೇಕಾದದ್ದು ನೆಟ್.

ಫ್ಯಾನಿನ ಕಥೆ ಬೇರೆ. ಈಗಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟಾರಿನ) ಫ್ಯಾನುಗಳನ್ನು ನಾನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಹಳೇ ಫ್ಯಾನು 75 ವ್ಯಾಟ್ ತಗೊಳ್ಳುವಲ್ಲಿ ಇವು 30 ವ್ಯಾಟಿನ ಆಸುಪಾಸಿನಲ್ಲಿ ತಿರುಗುತ್ತವೆ, ಇನ್ವರ್ಟರಿನ ಮೇಲೆ ಅದು ದೊಡ್ಡ ವ್ಯತ್ಯಾಸ. ಅವುಗಳಲ್ಲಿ ಎರಡು ಜಾತಿ ಇವೆ. ಒಂದು ಟಿವಿಯಂಥದೇ ಮಾಮೂಲಿ ರಿಮೋಟಿನದು, ನೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ವೈಫೈನದು, ಇನ್ನೂ ಸಾವಿರ ರೂಪಾಯಿ ಜಾಸ್ತಿ ಕೊಟ್ಟು ತರುವುದು. ಎರಡರಲ್ಲೂ ಗೋಡೆಯ ರೆಗ್ಯುಲೇಟರ್ ಕೆಲಸಕ್ಕೆ ಬರುವುದಿಲ್ಲ, ತೆಗೆಸಿಬಿಡುತ್ತಾರೆ. ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಫ್ಯಾನು ಜೋರು ಮಾಡಲು ಗೋಡೆಯಲ್ಲಿ ಗುಂಡಿ ಇಲ್ಲ ಅನ್ನುವುದೇ ಅವರಿಗೆ ಅವಮಾನ. ಎಲೆಕ್ಟ್ರಿಷಿಯನ್ ಬಂದಾಗ ಅವನನ್ನೇ ಕೇಳಿದರು, "ಅಲ್ಲಪ್ಪಾ, ಇದರ ಕಿವಿ ಯಾಕೆ ಕಿತ್ತೆ?" ಕೆಲವು ಫ್ಯಾನುಗಳಲ್ಲಿ ಸ್ವಿಚ್ಚನ್ನೇ ಬೇಗ ಬೇಗ ಆಫ್ ಆನ್ ಮಾಡಿದರೆ ವೇಗ ಬದಲಾಗುವ ಏರ್ಪಾಡು ಇದೆ. ರಿಮೋಟು ಹಾಸಿಗೆ ಸಂದಿಯಲ್ಲಿ ಕಳೆದುಹೋದ ದಿನ ಅದೇ ಗತಿ. ಇಂಥ ಸಂಗತಿ ಜಾಹೀರಾತಿನಲ್ಲಿ ಇರುವುದಿಲ್ಲ, ಆದರೆ ಮನೆಯಲ್ಲಿ ವಯಸ್ಸಾದವರಿದ್ದರೆ ಕೊಳ್ಳುವಾಗ ನೋಡಬೇಕಾದದ್ದು ಇದನ್ನೇ.

ಬಲ್ಬು ಅಷ್ಟು ದೂರದ ನೆಟ್ಟನ್ನು ಯಾಕೆ ಕಾಯಬೇಕು, ಫೋನೂ ಬಲ್ಬೂ ಒಂದೇ ಮನೆಯ ವೈಫೈನಲ್ಲಿ ಇಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಹೆಚ್ಚಿನ ಅಗ್ಗದ ವಸ್ತುಗಳಲ್ಲಿ ಆಗುವುದು ಹೀಗೆ. ನೀವು ಫೋನಿನಲ್ಲಿ ಒತ್ತಿದ್ದು ಮೊದಲು ಕಂಪನಿಯ ಸರ್ವರಿಗೆ, ಅಂದರೆ ಎಲ್ಲೋ ದೂರದಲ್ಲಿರುವ ಅವರ ಕಂಪ್ಯೂಟರಿಗೆ ಹೋಗುತ್ತದೆ. ಆ ಸರ್ವರು ಮುಂಬೈನಲ್ಲಿರಬಹುದು, ಸಿಂಗಪುರದಲ್ಲಿರಬಹುದು, ಯುರೋಪಿನಲ್ಲೂ ಇರಬಹುದು. ಬಲ್ಬು ಅದೇ ಸರ್ವರಿಗೆ ಯಾವಾಗಲೂ ಒಂದು ಸಂಪರ್ಕ ಹಿಡಿದುಕೊಂಡು ಕೂತಿರುತ್ತದೆ. ಅಲ್ಲಿಂದ ಅಪ್ಪಣೆ ಬಂದ ಮೇಲೆ ಹತ್ತುತ್ತದೆ. ಅಡುಗೆಮನೆಯಿಂದ ಜಗಲಿಗೆ ಒಂದು ಮಾತು ಹೇಳಲು ಸಿಂಗಪುರಕ್ಕೆ ಕಾಗದ ಹಾಕಿದ ಹಾಗೆ.

ಕಂಪನಿಗಳು ಹೀಗೆ ಮಾಡುವುದಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ನೆಟ್ಟಿಗೆ ಸೇರಲು ಒಂದು ನಂಬರಿನ ವಿಳಾಸ ಬೇಕು. ಐಪಿವಿ4 ಅನ್ನುವ ಹಳೆಯ ಲೆಕ್ಕದಲ್ಲಿ ಇಡೀ ಜಗತ್ತಿಗೆ ಇರುವ ವಿಳಾಸಗಳು ಸುಮಾರು 430 ಕೋಟಿ. ಏಷ್ಯಾ ಪೆಸಿಫಿಕ್ ಭಾಗದ ಪಾಲು 2011ರ ಏಪ್ರಿಲ್‌ನಲ್ಲೇ ಹೆಚ್ಚುಕಡಿಮೆ ಮುಗಿದುಹೋಯಿತು. ಹಾಗಾಗಿ ನೆಟ್ ಕೊಡುವವರು ಒಂದೇ ವಿಳಾಸದ ಹಿಂದೆ ಹತ್ತಾರು, ನೂರಾರು ಮನೆಗಳನ್ನು ಕೂರಿಸುತ್ತಾರೆ. ನಿಮ್ಮ ಮನೆಯಿಂದ ಹೊರಗೆ ಹೋಗಲು ದಾರಿ ಇದೆ, ಹೊರಗಿನಿಂದ ನೇರವಾಗಿ ನಿಮ್ಮ ಮನೆಗೆ ಬರಲು ದಾರಿ ಇಲ್ಲ. ಬೆಂಗಳೂರಿನ ಮಗ ಊರಿನ ಕ್ಯಾಮೆರಾ ನೋಡಬೇಕಾದರೆ ಮಧ್ಯದಲ್ಲಿ ಒಬ್ಬರು ಬೇಕು. ಆ ಮಧ್ಯದವರೇ ಕಂಪನಿಯ ಸರ್ವರು. ಐಪಿವಿ6 ಅನ್ನುವ ಹೊಸ ಲೆಕ್ಕ ಬಂದು ವಿಳಾಸದ ಬರ ತೀರಿದೆ, ನಮ್ಮ ದೇಶದಲ್ಲಿ ಅದರ ಬಳಕೆಯೂ ಚೆನ್ನಾಗಿದೆ, ಆದರೂ ಮನೆಬಳಕೆಯ ವಸ್ತುಗಳು ಇನ್ನೂ ಹಳೇ ದಾರಿಯಲ್ಲೇ ಇವೆ. ಸರಿ, ಬೆಂಗಳೂರಿನಿಂದ ನೋಡಲು ಸರ್ವರು ಬೇಕು ಅನ್ನುವುದನ್ನು ಒಪ್ಪೋಣ. ಆದರೆ ಅದೇ ಕೋಣೆಯಲ್ಲಿ ಕೂತು ಬಲ್ಬು ಹಚ್ಚುವುದಕ್ಕೂ ಯಾಕೆ ಬೇಕು? ಮನೆಯೊಳಗೆ ಮನೆಯ ವೈಫೈ ಸಾಕು ಅನ್ನುವ ಹಾಗೆ ಮಾಡುವುದು ಕಷ್ಟವೇನಲ್ಲ. ಮಾಡದಿರುವುದಕ್ಕೆ ಕಾರಣ ಬೇರೆ. ಸರ್ವರು ಅವರ ಕೈಯಲ್ಲಿದ್ದರೆ ಗಿರಾಕಿಯೂ ಅವರ ಕೈಯಲ್ಲಿರುತ್ತಾನೆ, ನಾಳೆ ತಿಂಗಳ ಬಾಡಿಗೆ ಹಾಕಬಹುದು, ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ದೀಪ ಆರುತ್ತದೆ ಅನ್ನುವುದೂ ತಿಳಿಯುತ್ತದೆ.

ಮಳೆಗಾಲ ಮುಗಿದ ಮೇಲೆ ನೆಟ್ ವಾಪಸ್ ಬರುತ್ತದೆ. ಕಂಪನಿ ಕೈಬಿಟ್ಟರೆ ಬರುವುದಿಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಹಬ್ ಇತ್ತು. ಮನೆಯ ದೀಪ, ಬೀಗ, ಎಲ್ಲವನ್ನೂ ಒಂದೇ ಆ್ಯಪಿನಿಂದ ನಡೆಸುವ ಡಬ್ಬಿ, ಬೆಲೆ ಸುಮಾರು 300 ಡಾಲರ್. 2014ರಲ್ಲಿ ಗೂಗಲ್‌ನ ಬಳಗದ ನೆಸ್ಟ್ ಅದನ್ನು ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಡಬ್ಬಿ ಕೆಟ್ಟಿರಲಿಲ್ಲ, ಆದರೂ ಅವತ್ತಿನಿಂದ ಅದು ಬರೀ ಪ್ಲಾಸ್ಟಿಕ್. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನುವ ಇನ್ನೊಂದು ಕಂಪನಿಯ ಸರ್ವರುಗಳು ಗಿರಾಕಿಗಳಿಗೆ ಒಂದು ಮಾತೂ ಹೇಳದೆ ಬಂದ್ ಆದವು. ಅಲ್ಲಿ ಮಾತ್ರ ಒಂದು ಸ್ವಾರಸ್ಯ ನಡೆಯಿತು. ಅದರ ಸ್ವಿಚ್ಚುಗಳು ಮನೆಯೊಳಗೇ ಒಂದಕ್ಕೊಂದು ಮಾತಾಡಿಕೊಳ್ಳುವಂಥವು. ಹಾಗಾಗಿ ತಿಳಿದವರು ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಮನೆಯ ದೀಪಗಳನ್ನು ಮತ್ತೆ ನಡೆಸಿದರು. ಕೆಲವು ತಿಂಗಳಲ್ಲೇ ಬಳಕೆದಾರರ ಒಂದು ಗುಂಪು ಸೇರಿ ಕಂಪನಿಯನ್ನೇ ಕೊಂಡಿತು. ಎರಡೂ ಕಡೆ ಸರ್ವರ್ ಹೋಯಿತು. ಒಂದು ಕಡೆ ವಸ್ತು ಗುಜರಿಗೆ ಹೋಯಿತು, ಇನ್ನೊಂದು ಕಡೆ ಉಳಿಯಿತು. ನಾನು ಕೇಳಿ ಅನ್ನುತ್ತಿರುವ ಪ್ರಶ್ನೆಯ ಬೆಲೆ ಇಷ್ಟು.

ಕಂಪನಿ ಮುಚ್ಚದಿದ್ದರೂ ಕೆಡಬಹುದು. 2025ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಂದೇ ದಿನ ನಿಂತವು. ಇವು 2015ರಲ್ಲಿ ಬಂದವು, ನೆಟ್ಟಿನ ವಿಡಿಯೋ ನೋಡಲು ಹಳೇ ಟಿವಿಯ ಹಿಂದೆ ಸಿಕ್ಕಿಸುವ ಡಬ್ಬಿ. ಡಬ್ಬಿ ಅಸಲಿ ಅಂತ ತೋರಿಸಲು ಒಳಗೆ ಬರೆದಿಟ್ಟಿದ್ದ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಹತ್ತು ವರ್ಷ, ಅದು ಮುಗಿಯಿತು. ಅದನ್ನು ಹಾಕಿಟ್ಟದ್ದು ಯಾರ ತಲೆಯಲ್ಲೂ ಇರಲಿಲ್ಲ ಅಂತ ಕಾಣುತ್ತದೆ. ದೊಡ್ಡ ಕಂಪನಿಯಾದ್ದರಿಂದ ಕೆಲವೇ ದಿನದಲ್ಲಿ ಸರಿ ಮಾಡಿದರು. ಹೆಸರೇ ಕೇಳದ ಬ್ರ್ಯಾಂಡಿನ ಪ್ಲಗ್ಗಿಗೆ ಹೀಗಾದರೆ ಸರಿ ಮಾಡುವವರು ಯಾರು?

ಹಾಗಂತ ನಾನು ಹೊಸದೆಲ್ಲ ಬೇಡ ಅನ್ನುವವಳಲ್ಲ. ನಮ್ಮ ಊರಿನ ತೋಟಗಳಿಗೆ ಬಂದು ನೋಡಿ, ನಿಮ್ಮ ಲೇಖನಕ್ಕೆ ಬೇಕಾದ ಉದಾಹರಣೆ ಅಲ್ಲೇ ಇದೆ. ಮೊಬೈಲ್ ಸ್ಟಾರ್ಟರ್. ಪಂಪ್‌ಸೆಟ್ಟಿನ ಡಬ್ಬಿಯೊಳಗೆ ಒಂದು ಸಿಮ್. ನೀವು ಆ ನಂಬರಿಗೆ ಫೋನ್ ಮಾಡಿದರೆ ಮೋಟಾರು ಓಡುತ್ತದೆ, ಮತ್ತೆ ಮಾಡಿ ಗುಂಡಿ ಒತ್ತಿದರೆ ನಿಲ್ಲುತ್ತದೆ. ತ್ರೀಫೇಸ್ ಬಂತು, ಹೋಯಿತು, ಬಾವಿಯಲ್ಲಿ ನೀರಿಲ್ಲ, ಎಲ್ಲವನ್ನೂ ಎಸ್ಸೆಮ್ಮೆಸ್ಸಿನಲ್ಲೋ ಫೋನಿನಲ್ಲೋ ತಿಳಿಸುತ್ತದೆ, ಕೆಲವು ಕನ್ನಡದಲ್ಲೇ ಮಾತಾಡುತ್ತವೆ. ರಾತ್ರಿ ಹೊತ್ತು ತ್ರೀಫೇಸ್ ಕೊಡುವ ಕಾಲದಲ್ಲಿ ಟಾರ್ಚು ಹಿಡಿದು ಹಾವಿನ ಭಯದಲ್ಲಿ ಹಳ್ಳ ದಾಟಿ ಹೋಗುತ್ತಿದ್ದವರಿಗೆ ಇದು ಎಂಥ ಉಪಕಾರ ಅನ್ನುವುದು ಪಟ್ಟಣದವರಿಗೆ ಗೊತ್ತಾಗುವುದು ಕಷ್ಟ. ಇಲ್ಲಿ ನೆಟ್ ಬೇಡ, ಆ್ಯಪ್ ಬೇಡ, ಕೀಪ್ಯಾಡ್ ಫೋನು ಸಾಕು. ಮಾರಿದ ಕಂಪನಿ ಇರಲಿ ಬಿಡಲಿ, ಮಾತು ನಡೆಯುವುದು ನಿಮ್ಮ ಫೋನಿಗೂ ಆ ಸಿಮ್ಮಿಗೂ ಮಧ್ಯೆ. ಸಿಗ್ನಲ್ ಹೋದರೆ? ಸ್ಟಾರ್ಟರಿನ ಮೇಲೆ ಹಸಿರು ಗುಂಡಿ, ಕೆಂಪು ಗುಂಡಿ ಇದ್ದೇ ಇವೆ, ಹೋಗಿ ಒತ್ತಬಹುದು.

ಇದರಲ್ಲೂ ತೊಡಕಿಲ್ಲ ಅಂತಲ್ಲ. ಹಳೇ ಸ್ಟಾರ್ಟರುಗಳು ನಡೆಯುವುದು 2ಜಿಯಲ್ಲಿ. ಜಿಯೋದಲ್ಲಿ 2ಜಿ ಇಲ್ಲ, ಹಾಗಾಗಿ ಆ ಸಿಮ್ ಹಾಕಿದರೆ ನಡೆಯುವುದಿಲ್ಲ. ಡಬ್ಬಿಯೊಳಗಿನ ಸಿಮ್ಮಿಗೂ ವ್ಯಾಲಿಡಿಟಿ ಉಳಿಸಿಕೊಳ್ಳಲು ಆಗಾಗ ರೀಚಾರ್ಜ್ ಮಾಡುತ್ತಿರಬೇಕು. ಮುಂದೆ ಉಳಿದವರೂ 2ಜಿ ನಿಲ್ಲಿಸಿದರೆ ಡಬ್ಬಿ ಬದಲಿಸಬೇಕಾಗುತ್ತದೆ. ಈಗ ಬರುತ್ತಿರುವ 4ಜಿ ಸ್ಟಾರ್ಟರುಗಳಲ್ಲಿ ಕೆಲವು ಆ್ಯಪಿನವು. ನೋಡಲು ಚಂದ, ಎಷ್ಟು ಗಂಟೆ ಓಡಿತು ಅನ್ನುವ ಲೆಕ್ಕವೆಲ್ಲ ಸಿಗುತ್ತದೆ. ಆದರೆ ಒಂದು ವರ್ಷ ಆದ ಮೇಲೆ ಆ್ಯಪಿಗೆ ರಿನ್ಯೂವಲ್ ಅಂತ ದುಡ್ಡು ಕೇಳುವಂಥವೂ ಇವೆ. ಕೊಡದಿದ್ದರೆ ಫೋನ್ ಮಾಡಿಯಾದರೂ ಮೋಟಾರು ಹಾಕಬಹುದಾ ಅಂತ ಅಂಗಡಿಯವರನ್ನು ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅಂಗಡಿಯವರು ಬಹಳ ಸಲ ತಲೆ ಕೆರೆದುಕೊಳ್ಳುತ್ತಾರೆ. ಯಾರೂ ಕೇಳಿರುವುದಿಲ್ಲ.

ಕ್ಯಾಮೆರಾದ ವಿಷಯ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಅಡಿಕೆಗೆ ಬೆಲೆ ಬಂದ ಮೇಲೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೂ ಕಳ್ಳರ ಕಣ್ಣು ಬಿದ್ದಿದೆ, ಕೊಯ್ಲಿನ ಕಾಲದಲ್ಲಿ ಮನೆಮನೆಗೂ ಕ್ಯಾಮೆರಾ ಬರುತ್ತಿದೆ. ತೋಟದ ಮನೆಗೆ ಸೋಲಾರ್ ಹಲಗೆ, 4ಜಿ ಸಿಮ್ ಇರುವ ಕ್ಯಾಮೆರಾ ಹಾಕುವವರೂ ಇದ್ದಾರೆ. ನಮ್ಮ ಪರಿಚಯದ ಒಬ್ಬರ ಮನೆಯಲ್ಲಿ ಅಡಿಕೆ ಮೂಟೆ ಕಳುವಾಯಿತು. ಕ್ಯಾಮೆರಾ ಇತ್ತು. ಆದರೆ ಅದರ ರೆಕಾರ್ಡಿಂಗ್ ಇದ್ದದ್ದು ಕಂಪನಿಯ ಕ್ಲೌಡ್‌ನಲ್ಲಿ, ಅಂದರೆ ಅವರ ಸರ್ವರಿನಲ್ಲಿ, ಮೊದಲ ಕೆಲವು ದಿನ ಪುಕ್ಕಟೆ, ಆಮೇಲೆ ತಿಂಗಳಿಗಿಷ್ಟು ಅಂತ. ದುಡ್ಡು ಕಟ್ಟುವುದು ನಿಂತಿತ್ತು, ಹಾಗಾಗಿ ಕ್ಯಾಮೆರಾ ನೋಡುತ್ತಿತ್ತು, ಏನನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಳಗೆ ಮೆಮೊರಿ ಕಾರ್ಡ್ ಹಾಕುವ ಜಾಗ ಇತ್ತು. ಅಳವಡಿಸಲು ಬಂದ ಹುಡುಗ ಕಾರ್ಡು ಬೇಕೇ ಅಂತ ಕೇಳಿರಲಿಲ್ಲ.

ಅದಕ್ಕೇ ಕ್ಯಾಮೆರಾ ತರುವವರಿಗೆ ನಾನು ಹೇಳುವುದು ಇಷ್ಟು. ಕಾರ್ಡಿನಲ್ಲೋ ಮನೆಯಲ್ಲೇ ಇಡುವ ಡಿವಿಆರ್, ಎನ್‌ವಿಆರ್ ಡಬ್ಬಿಯಲ್ಲೋ ರೆಕಾರ್ಡ್ ಆಗಬೇಕು. ಕಾರ್ಡು ತರುವುದಾದರೆ ಕ್ಯಾಮೆರಾಕ್ಕೆ ಅಂತಲೇ ಸಿಗುವ ಹೈ ಎಂಡ್ಯೂರೆನ್ಸ್ ಕಾರ್ಡು ತನ್ನಿ, ಹಗಲೂ ರಾತ್ರಿ ಬರೆದು ಅಳಿಸಿದರೆ ಸಾಮಾನ್ಯ ಕಾರ್ಡು ಬೇಗ ಸಾಯುತ್ತದೆ. ಓಎನ್‌ವಿಐಎಫ್ ಇದೆಯಾ ಅಂತ ಕೇಳಿ. ಅದು 2008ರಲ್ಲಿ ಕ್ಯಾಮೆರಾ ಕಂಪನಿಗಳೇ ಸೇರಿ ಮಾಡಿಕೊಂಡ ಒಪ್ಪಂದ, ಒಬ್ಬರ ಕ್ಯಾಮೆರಾ ಇನ್ನೊಬ್ಬರ ಡಬ್ಬಿಯಲ್ಲಿ ನಡೆಯಲು ದಾರಿ. ಮತ್ತೆ, ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನು ಅವತ್ತೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ನುಗ್ಗಿತು, ಆ ವರ್ಷದ ಅಕ್ಟೋಬರ್‌ನಲ್ಲಿ ಅದರ ದಾಳಿಗೆ ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟುಗಳೇ ಗಂಟೆಗಟ್ಟಲೆ ಮಲಗಿದವು. ಅದಕ್ಕೆ ಬೇಕಾಗಿದ್ದದ್ದು ಜನ ಬದಲಿಸದೆ ಬಿಟ್ಟಿದ್ದ ಕೆಲವೇ ಪಾಸ್‌ವರ್ಡುಗಳ ಒಂದು ಪಟ್ಟಿ. ನಮ್ಮ ಕಡೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್.

ವೈಫೈ ಒಳಗೆ ಬರುವುದಿಲ್ಲ ಅನ್ನುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಸುಮ್ನೆ ಹೊಸ ರೂಟರಿಗೆ ದುಡ್ಡು ಹಾಕುವುದು ತಪ್ಪುತ್ತದೆ. ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಅಲೆ ಬಿಡುತ್ತವೆ. ಐದರದು ವೇಗ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ನಮ್ಮ ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆಯ ದಪ್ಪಕ್ಕೆ ಅದು ಸೋತುಹೋಗುತ್ತದೆ. ದೂರದ ಕೋಣೆಗೆ 2.4 ಹಿಡಿಯಿರಿ. ಸ್ಮಾರ್ಟ್ ಪ್ಲಗ್ಗು ಬಲ್ಬುಗಳು ಹೆಚ್ಚಾಗಿ 2.4 ಮಾತ್ರ ಬಲ್ಲವು, ಎಷ್ಟೋ ಸಲ ಅವು ಸೇರದಿರಲು ಇದೇ ಕಾರಣ, ವಸ್ತು ಕೆಟ್ಟಿರುವುದಿಲ್ಲ. ರೂಟರನ್ನು ಕಪಾಟಿನೊಳಗೆ ಬಚ್ಚಿಡಬೇಡಿ. ಅಷ್ಟೇ.

ದೀಪ ಫ್ಯಾನು ಫೋನಿನಿಂದಲೇ ಬೇಕು ಅನ್ನುವವರಿಗೂ ಮನೆಯೊಳಗೇ ಮುಗಿಯುವ ದಾರಿಗಳು ಇವೆ. ಮ್ಯಾಟರ್ ಅನ್ನುವ ಮಾನದಂಡ 2022ರಲ್ಲಿ ಬಂತು, ಅದರಲ್ಲಿ ವಸ್ತುಗಳು ಮನೆಯ ನೆಟ್‌ವರ್ಕಿನೊಳಗೇ ಮಾತಾಡಿಕೊಳ್ಳಬೇಕು ಅನ್ನುವುದೇ ಮೂಲ ನಿಯಮ. ಡಬ್ಬಿಯ ಮೇಲೆ ಅದರ ಗುರುತು ಇದೆಯಾ ನೋಡಿ. ಕೈಯಲ್ಲಿ ಸ್ವಲ್ಪ ಕಸುಬು ಇರುವ ಹುಡುಗರಿಗೆ ಇನ್ನೂ ಸುಲಭ. ಇಎಸ್‌ಪಿ8266 ಅನ್ನುವ ವೈಫೈ ಚಿಪ್ಪಿನ ಒಂದು ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ, ಅದಕ್ಕೆ ಟಾಸ್ಮೋಟಾ ಎಂಬ ಉಚಿತ ತಂತ್ರಾಂಶ ಹಾಕಿ ರಿಲೇ (ಬೋರ್ಡಿನ ಮಾತು ಕೇಳುವ ಸ್ವಿಚ್ಚು) ಜೋಡಿಸಿದರೆ ಆಯಿತು, ನೆಟ್ ಇರಲಿ ಇಲ್ಲದಿರಲಿ ಮನೆಯ ವೈಫೈನಲ್ಲಿ ದೀಪ ಹತ್ತುತ್ತದೆ. ನಮ್ಮ ಪಾಲಿಟೆಕ್ನಿಕ್ ಮಕ್ಕಳು ಪ್ರಾಜೆಕ್ಟ್ ಅಂತ ಇದನ್ನೇ ಮಾಡಿ ಪ್ರದರ್ಶನದ ಮರುದಿನ ಬಿಚ್ಚಿಡುತ್ತಾರೆ, ಮನೆಗೆ ಹಾಕುವುದಕ್ಕೆ ಮಾತ್ರ ಅಂಗಡಿಯಿಂದ ಹೊಸ ಪ್ಲಗ್ಗು ತರುತ್ತಾರೆ! 230 ವೋಲ್ಟಿನ ಕೆಲಸವನ್ನು ತಿಳಿದವರ ಕೈಯಲ್ಲೇ ಮಾಡಿಸಬೇಕು ಅನ್ನುವುದನ್ನು ಮಾತ್ರ ಮರೆಯಬಾರದು.

ಈಗ ಬ್ಲಾಗಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಬಲ್ಬಿಗೆ ಆದದ್ದೇ ಬರಹಕ್ಕೂ ಆಗುತ್ತಿದೆ. ನಾನು ಬರೆಯಲು ಶುರು ಮಾಡಿದ 2000ದ ದಶಕದ ಕೊನೆಯಲ್ಲಿ ಕನ್ನಡದಲ್ಲಿ ಬ್ಲಾಗು ಬರೆಯುವವರು ಎಷ್ಟು ಜನ ಇದ್ದರು! ಅಡುಗೆ, ಚಾರಣ, ಹರಟೆ, ಹಳೇ ಶಾಲೆಯ ನೆನಪು, ಎಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಕಾಣುತ್ತದೆ ಅನ್ನುವುದೇ ಆಗ ದೊಡ್ಡ ಖುಷಿ. ಯಾರು ಹೊಸದು ಬರೆದರು ಅಂತ ಗೂಗಲ್ ರೀಡರ್‌ನಲ್ಲಿ ನೋಡುತ್ತಿದ್ದೆವು. 2013ರ ಜುಲೈ 1ಕ್ಕೆ ಅದನ್ನು ಮುಚ್ಚಿದರು. ಆರ್ಕುಟ್ ಅನ್ನುವ ಸಾಮಾಜಿಕ ತಾಣದ ಕನ್ನಡದ ಗುಂಪುಗಳಲ್ಲಿ ನಡೆದ ಚರ್ಚೆಗಳು ಒಂದು ಪುಸ್ತಕಕ್ಕೆ ಆಗುವಷ್ಟಿದ್ದವು, ಅದು 2014ರ ಸೆಪ್ಟೆಂಬರ್‌ಗೆ ಮುಗಿಯಿತು. ಗೂಗಲ್ ಪ್ಲಸ್‌ಗೆ ಹೋದವರ ಬರಹ 2019ರ ಏಪ್ರಿಲ್‌ನಲ್ಲಿ ಹೋಯಿತು, ಯಾಹೂ ಗುಂಪುಗಳ ಕಾಗದಗಳು 2020ರಲ್ಲಿ. ಪ್ರತಿ ಸಲವೂ ಮೊದಲೇ ನೋಟಿಸ್ ಕೊಟ್ಟಿದ್ದರು, ನಿಮ್ಮದನ್ನು ಇಳಿಸಿಕೊಳ್ಳಿ ಅಂದಿದ್ದರು. ಆದರೆ ಆ ಮೇಲ್ ಹೋದದ್ದು ಜನ ನೋಡುವುದನ್ನೇ ಬಿಟ್ಟಿದ್ದ ವಿಳಾಸಗಳಿಗೆ. ತೀರಿಹೋದವರ ಬರಹವನ್ನು ಇಳಿಸಿಕೊಳ್ಳುವವರು ಯಾರು? ನಾನು ತುಂಬಾ ಇಷ್ಟಪಟ್ಟು ಓದುತ್ತಿದ್ದ ಒಬ್ಬ ಹಿರಿಯರು ತಮ್ಮ ಸೀಮೆಯ ಕೃಷಿ ಪದ್ಧತಿಗಳ ಬಗ್ಗೆ ವರ್ಷಗಟ್ಟಲೆ ಬರೆದರು, ಫೋಟೋ ಎಲ್ಲ ಬೇರೊಂದು ತಾಣದಲ್ಲಿ ಇಟ್ಟಿದ್ದರು. ಈಗ ಅವರ ಪುಟ ತೆರೆದರೆ ಪಠ್ಯ ಇದೆ, "ಈ ಚಿತ್ರದಲ್ಲಿ ಕಾಣುವಂತೆ" ಅನ್ನುವ ಸಾಲು ಇದೆ, ಚಿತ್ರ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೂಗಲ್‌ನ ಬ್ಲಾಗರ್‌ನಲ್ಲಿ ಬ್ಲಾಗು ಇರುವವರು ಇವತ್ತೇ ಮಾಡಬಹುದಾದ ಕೆಲಸ ಅಂದರೆ ಗೂಗಲ್ ಟೇಕ್‌ಔಟ್ ಅನ್ನುವ, ನಮ್ಮದನ್ನು ಇಳಿಸಿಕೊಳ್ಳುವ ಪುಟಕ್ಕೆ ಹೋಗಿ ಬರಹ, ಫೋಟೋ ಎರಡನ್ನೂ ಇಳಿಸಿ ಒಂದು ಹಾರ್ಡ್ ಡಿಸ್ಕಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಇಡುವುದು, ಒಂದನ್ನು ಬೇರೆ ಮನೆಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು, ನಮ್ಮ ಕಡೆಯ ಸಿಡಿಲಿಗೆ ಒಂದೇ ಹೊಡೆತಕ್ಕೆ ಎಲ್ಲ ಹೋಗುತ್ತದೆ. ಸ್ವಂತ ಡೊಮೇನ್ ಇದ್ದರೆ ತಾಣ ಬದಲಿಸಿದರೂ ವಿಳಾಸ ಉಳಿಯುತ್ತದೆ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ ನಿಮ್ಮ ಪುಟದ ವಿಳಾಸ ಹಾಕಿದರೆ ಅದು ಅಲ್ಲೊಂದು ಪ್ರತಿ ತೆಗೆದಿಟ್ಟುಕೊಳ್ಳುತ್ತದೆ, ದುಡ್ಡಿಲ್ಲ.

ಇಷ್ಟು ಬರೆದ ಮೇಲೆ ನಿಮ್ಮ ಪತ್ರಿಕೆಯ ಮೇಲೂ ಎರಡು ಮಾತು ಹೇಳದೆ ಹೋದರೆ ಹೇಗೆ? ನಿಮ್ಮ ವೆಬ್‌ಸೈಟ್ ಹೊಸ ರೂಪಕ್ಕೆ ಬಂದಾಗ ಹಳೆಯ ಲಿಂಕುಗಳೆಲ್ಲ ಸತ್ತವು. ನನ್ನ ಬ್ಲಾಗಿನಲ್ಲಿ ನಿಮ್ಮ ಲೇಖನಗಳಿಗೆ ಕೊಟ್ಟಿದ್ದ ಕೊಂಡಿ ಒತ್ತಿದರೆ ಈಗ ಬರುವುದು ನಿಮ್ಮ ಮುಖಪುಟ, ಅದರ ಮೇಲೆ ಒಂದು ಜಾಹೀರಾತು. ಹಳೇ ವಿಳಾಸದಿಂದ ಹೊಸ ವಿಳಾಸಕ್ಕೆ ಕಳಿಸುವ ಏರ್ಪಾಡು ನಿಮ್ಮ ತಾಂತ್ರಿಕ ಸಿಬ್ಬಂದಿಗೆ ಹೊಸದೇನೂ ಅಲ್ಲ. ಜಿಲ್ಲಾ ಪುಟಗಳು ಬರೀ ಇ-ಪೇಪರಿನ ಚಿತ್ರವಾಗಿ ಸಿಗುತ್ತವೆ, ಚಿತ್ರದೊಳಗಿನ ಕನ್ನಡವನ್ನು ಹುಡುಕಲು ಆಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲೂ ಆಗುವುದಿಲ್ಲ. ನಮ್ಮ ಊರಿನ ಸುದ್ದಿ ಬರುವುದೇ ಆ ಪುಟದಲ್ಲಿ.

ಇನ್ನು ಲೇಖನದ ವಿಷಯ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಯಲ್ಲಿದೆ. ನೆಟ್ಟಿಗೆ ಸೇರುವ ವಸ್ತು ಮಾರುವವರು ಎಲ್ಲಕ್ಕೂ ಒಂದೇ ಥರದ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವ ಹಾಗಿಲ್ಲ, ಸುರಕ್ಷತೆಯ ಅಪ್‌ಡೇಟ್ ಕಡಿಮೆ ಎಂದರೆ ಎಲ್ಲಿಯವರೆಗೆ ಕೊಡುತ್ತೇವೆ ಅಂತ ಮೊದಲೇ ಹೇಳಬೇಕು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಅದೇ ವರ್ಷದ ಕೊನೆಯಲ್ಲಿ ಒಂದು ಪೋರ್ಟಲ್ ತೆರೆಯಿತು. ಅದು ಬಿಡಿಭಾಗ, ಸರ್ವಿಸ್ ಸೆಂಟರ್, ವಾರಂಟಿಯ ವಿಷಯ. ಸರ್ವರ್ ನಿಂತರೆ ಗಿರಾಕಿಯ ಗತಿ ಏನು ಅನ್ನುವುದನ್ನು ಯಾರಾದರೂ ಕೇಳಬೇಕಲ್ಲ. ಅಷ್ಟರವರೆಗೆ ಕೇಳುವ ಕೆಲಸ ಪತ್ರಿಕೆಯವರೇ ಮಾಡಬಹುದು. ಮುಂದಿನ ಸಲ ನಿಮ್ಮ ಪುರವಣಿಯಲ್ಲಿ ಒಂದು ಕ್ಯಾಮೆರಾ, ಬಲ್ಬು, ಗೀಸರ್ ಬಗ್ಗೆ ಬರೆಯುವಾಗ ನಿಮ್ಮ ವರದಿಗಾರರು ಅದನ್ನು ಹಾಕಿಸಿಕೊಂಡು ಮನೆಯ ಫೈಬರ್ ತಂತಿಯನ್ನು ಒಂದು ಸಂಜೆ ಕಿತ್ತಿಡಲಿ. ಏನು ನಡೆಯಿತು, ಏನು ನಿಂತಿತು ಅಂತ ಬೆಲೆಯ ಪಕ್ಕದಲ್ಲೇ ಒಂದು ಸಾಲು ಹಾಕಿ. ಅಪ್‌ಡೇಟ್ ಎಷ್ಟು ವರ್ಷ ಅಂತ ಕಂಪನಿಯವರನ್ನು ಕೇಳಿ, ಅವರು ಉತ್ತರ ಕೊಡದಿದ್ದರೆ "ಉತ್ತರ ಕೊಡಲಿಲ್ಲ" ಅಂತಲೇ ಅಚ್ಚು ಹಾಕಿ. ಹಳ್ಳಿಗೆ ಕಳಿಸಿ ಪರೀಕ್ಷೆ ಮಾಡುವುದಾದರೆ ನಮ್ಮ ಮನೆ ಇದೆ, ಜುಲೈ ತಿಂಗಳಲ್ಲಿ ಬಂದರೆ ಫೈಬರ್ ತಂತಿ ಕೀಳುವ ಶ್ರಮವೂ ಇರುವುದಿಲ್ಲ.

ಇಂತಿ,
ಒಬ್ಬ ಹವ್ಯಾಸಿ ಬ್ಲಾಗುಗಾರ್ತಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ